ಉಳಿದ ಭಾಷೆ

"ಇವರು ಬೇಕಂತಲೇ ಹೀಗೆ ಮಾಡ್ತಿದ್ದಾರೇನೋ ಅಂತ ನನಗೆ ಅನುಮಾನ" ಎಂದಳು ಟೈಲರಮ್ಮ, ಮೇಜಿನ ಆಚೆ ಕುಳಿತ ಗಂಡನ ಮುಖ ನೋಡುತ್ತಲೇ.

ಮಾತಿನ ಚಿಕಿತ್ಸೆ ಕೊಡುವ ಟೀಚರ್ ತಲೆಯೆತ್ತಲಿಲ್ಲ. ಗಂಡನೂ ಕದಲಲಿಲ್ಲ. ತನ್ನ ಮೇಲೆಯೇ ದೂರು ಹೋಗುತ್ತಿದೆಯೆಂದು ಅವನಿಗೆ ತಿಳಿಯುವಂತಿರಲಿಲ್ಲ. ಅವಳು ಆಡಿದ್ದು ಹಿಂದಿ.

ಇದು ಶುರುವಾಗಿ ಇಪ್ಪತ್ತಮೂರು ದಿನವಾಗಿತ್ತು. ಅವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಅವಳು ಅವನ ಗಡಿಯಾರದಂಗಡಿಗೆ ಹೊಸ ಪರದೆ ಹೊಲಿಯುವ ಮಾತು ತೆಗೆದಿದ್ದಳು. ಗುರುತಿಲ್ಲದವರನ್ನು ನೋಡುವ ಹಾಗೆ ಗಂಡ ಅವಳನ್ನು ನೋಡಿದ. ಅವಳು ಮತ್ತೆ ಹೇಳಿದಳು. ಅವನು ಎದ್ದು ನಿಂತು ತನ್ನ ಹುಟ್ಟುಭಾಷೆ ಉಜ್ಬೆಕ್‌ನಲ್ಲಿ ಏನೇನೋ ಕೂಗತೊಡಗಿದ. ಕಪ್ಪು ನೆಲಕ್ಕೆ ಬಿದ್ದು ಚೂರಾಯಿತು. ಆಂಬುಲೆನ್ಸು ಬಂತು. ಅವತ್ತಿನಿಂದ ಅವನ ಬಾಯಿಂದ ಹಿಂದಿಯ ಒಂದು ಮಾತೂ ಹೊರಟಿಲ್ಲ.

ಮೂವತ್ತೊಂದು ವರ್ಷ ಒಟ್ಟಿಗೆ ಬಾಳಿದವರು. ಜಗಳ, ಸರಸ, ಅತ್ತೆಯ ಕೊನೆಗಾಲದಲ್ಲಿ ಹಾಸಿಗೆಯ ಪಕ್ಕ ಕುಳಿತು ಇಬ್ಬರೂ ಆಡಿಕೊಂಡ ಪಿಸುಮಾತು, ಎಲ್ಲವೂ ಅವಳ ನೆನಪಿನಲ್ಲಿ ಹಿಂದಿಯಲ್ಲೇ ಇದ್ದವು.

ಎರಡೂ ಭಾಷೆ ಬಲ್ಲವಳು ಆ ಆಸ್ಪತ್ರೆಗೆಲ್ಲ ಟೀಚರ್ ಒಬ್ಬಳೇ. ಮೊದಲ ದಿನವೇ ಬಿಡಿಸಿ ಹೇಳಿದ್ದಳು. "ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದಾಗ ಕೆಲವರಿಗೆ ಆಮೇಲೆ ಕಲಿತ ಭಾಷೆ ಅಳಿಸಿಹೋಗುತ್ತೆ ಅಮ್ಮ. ತಾಯಿ ಕಲಿಸಿದ್ದು ಉಳಿಯುತ್ತೆ. ತನಗೇನೋ ಆಗಿದೆ ಅನ್ನೋದೇ ಕೆಲವರಿಗೆ ಗೊತ್ತಾಗಲ್ಲ."

ಟೈಲರಮ್ಮ ಗಂಡನನ್ನು ನೋಡಿದ್ದಳು. ಪಾಪ, ಇವರಿಗೇ ಹೀಗಾಗಬೇಕೆ ಎಂದುಕೊಂಡಿದ್ದಳು.

ಆದರೆ ಅವಳು ಕೈಕಟ್ಟಿ ಕೂರುವ ಪೈಕಿಯಲ್ಲ. ಟೀಚರಿಂದ ಒಂದು ನೋಟುಬುಕ್ ಇಸಕೊಂಡು ನಡುವೆ ಗೆರೆ ಎಳೆದಳು. ಎಡಕ್ಕೆ ಹಿಂದಿ, ಬಲಕ್ಕೆ ಉಜ್ಬೆಕ್. ಕಿತಾಬ್, ಕಿತೋಬ್. ದುನಿಯಾ, ದುನ್ಯೋ. ಉಮ್ಮೀದ್, ಉಮಿದ್. ದೋಸ್ತ್ ಎರಡರಲ್ಲೂ ದೋಸ್ತ್. ಅಕ್ಷರಗಳು ಕುಡಿದವರ ಹಾಗೆ ಓಲಾಡಿದವು. ಮನಸ್ಸು ನೆಟ್ಟಗಿಲ್ಲದಾಗ ಕೈ ಎಲ್ಲಿ ನೆಟ್ಟಗಿರುತ್ತದೆ ಎಂದುಕೊಂಡಳು. ಎರಡು ವಾರದಲ್ಲಿ ಇನ್ನೂರು ಪದ ಸಿಕ್ಕವು. ಪುಸ್ತಕ, ಗೆಳೆಯ, ಲೋಕ, ಭರವಸೆ ಎಲ್ಲ ಇದ್ದವು, ಮಾತು ಮಾತ್ರ ಇರಲಿಲ್ಲ. ಎರಡು ಭಾಷೆಯಲ್ಲೂ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಅಲ್ಲಿಯತನಕ ಹೇಗೋ ಕೈಹಿಡಿದು ನಡೆಸಿದ ಗಂಡನ ಮಾತು ಸರಿಯಾಗಿ ಅಲ್ಲಿಯೇ ಕೈಬಿಡುತ್ತಿತ್ತು.

ಗೊತ್ತಿರುವಂತೆ ಕಾಣುವ ಪದಗಳ ಕಾಟ ಬೇರೆ. ಒಂದು ದಿನ ಅವನು ಅವಳ ಕೈ ಹಿಡಿದು "ಖಫಾ ಬೋಲ್ಮಾ" ಎಂದ. ಹಿಂದಿಯಲ್ಲಿ ಖಫಾ ಎಂದರೆ ಸಿಟ್ಟು, ಬೋಲ್ ಎಂದರೆ ಮಾತಾಡು, ಕೊನೆಯ ಮಾ ಬಹುಶಃ ಮತ್, ಅಂದರೆ ಬೇಡ. ಸಿಟ್ಟು ಬಂದಿದೆ, ಮಾತಾಡಬೇಡ ಎನ್ನುತ್ತಿದ್ದಾನೆಂದು ಅವಳು ಕೈ ಕೊಸರಿಕೊಂಡು, ಗೋಡೆಯ ಕಡೆ ತಿರುಗಿ ಅತ್ತಳು. ಮಾರನೆಯ ದಿನ ಟೀಚರ್ ಅರ್ಥ ಹೇಳಿದಳು. ಬೇಜಾರು ಮಾಡಿಕೊಳ್ಳಬೇಡ ಎಂದಿದ್ದನಂತೆ.

ಅವನು ದಿನದಿನಕ್ಕೆ ಇಳಿದುಹೋಗುತ್ತಿದ್ದ. ಗಡ್ಡ ಬೆಳೆದಿತ್ತು. ಅಂಗಿಯ ಗುಂಡಿ ಒಂದಕ್ಕೆ ಹಾಕುವುದು ಇನ್ನೊಂದಕ್ಕೆ ಬಿದ್ದಿರುತ್ತಿತ್ತು. ನಾಲ್ಕು ಗಂಟೆಗೆ ಈ ಕೋಣೆಗೆ ಬರುವಾಗ ಕೋಟು ಒದ್ದೆ, ಶೂಸಿಗೆ ಕೆಸರು. ಇಂಥ ಸ್ಥಿತಿಯಲ್ಲಿರುವವನನ್ನು ಒಬ್ಬನೇ ಬೀದಿ ಸುತ್ತಲು ಬಿಡುತ್ತೀರಲ್ಲ ಎಂದು ಅವಳು ನರ್ಸುಗಳನ್ನು ತರಾಟೆಗೆ ತೆಗೆದುಕೊಂಡಳು. ಅವರು ಮುಗುಳ್ನಕ್ಕು, ದಿಂಬು ಸರಿಮಾಡಿ ಹೋದರು. ದೊಡ್ಡ ಆಸ್ಪತ್ರೆಯ ನರ್ಸುಗಳಿಗೆ ಬಾಯಿ ತೆರೆಯಲು ಪುರುಸೊತ್ತೆಲ್ಲಿ.

ಇವತ್ತು ಟೀಚರ್ ಏನೋ ಸನ್ನೆ ಮಾಡಿದಳು. ಗಂಡ ಜೇಬಿನಿಂದ ಒಂದು ಚೀಟಿ ತೆಗೆದ. ಗಡಿಯಾರದೊಳಗೆ ಕೂದಲೆಳೆಯಂಥ ಸ್ಪ್ರಿಂಗು ಕೂರಿಸುವ ಕೈಯಿಂದ ಅದರ ಮಡಿಕೆ ಬಿಡಿಸಿದ. ಕನ್ನಡಕ ಏರಿಸಿಕೊಂಡು, ಒಂದೊಂದೇ ಪದ ಹೆಕ್ಕಿ ಓದಿದ.

"ಮೈಂ... ಕಲ್... ಆವೂಂಗೀ."

ನಾನು ನಾಳೆ ಬರ್ತೀನಿ.

ಟೈಲರಮ್ಮನಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಗಂಡಸು "ಆವೂಂಗಾ" ಎನ್ನಬೇಕಾದಲ್ಲಿ ಹೆಂಗಸರ ಹಾಗೆ "ಆವೂಂಗೀ" ಎಂದುಬಿಟ್ಟಿದ್ದ. ಉಜ್ಬೆಕ್‌ನಲ್ಲಿ ಆ ಭೇದವಿಲ್ಲ, ಅವನು ಅವಳು ಎರಡಕ್ಕೂ ಒಂದೇ ಪದ. ಆದರೂ ಇಷ್ಟು ವರ್ಷದಲ್ಲಿ ಅವನು ಇಂಥ ತಪ್ಪು ಮಾಡಿದ್ದು ಅವಳಿಗೆ ನೆನಪಿಲ್ಲ. ಟೀಚರ್ ತುಟಿ ಕಚ್ಚಿಕೊಂಡಳು.

ಆಗಲೇ ಐದರ ಗಂಟೆ ಹೊಡೆಯಿತು. ಗಂಡ ಎದ್ದು ಕೋಟು ತೊಟ್ಟ. ಹೆಂಡತಿಯ ನೆತ್ತಿಯ ಮೇಲೆ ಸ್ವಲ್ಪ ಹೊತ್ತು ಅಂಗೈ ಇಟ್ಟುಕೊಂಡು ನಿಂತ. ಆಮೇಲೆ ತಿರುಗಿ ನೋಡದೆ ಹೊರಟುಹೋದ.

"ನೋಡಿದ್ರಾ? ಇವರಿಗೆ ಹಿಂದಿ ವಾಪಸ್ ಬರ್ತಿದೆ" ಎಂದಳು ಟೈಲರಮ್ಮ. "ಇನ್ನೊಂದು ತಿಂಗಳಲ್ಲಿ ಎಲ್ಲ ನೆನಪಾಗುತ್ತೆ ಅಲ್ವಾ?"

ಟೀಚರ್ ಅವಳ ಗಾಲಿಕುರ್ಚಿಯ ಮುಂದೆ ಮಂಡಿಯೂರಿ, ಕಂಬಳಿಯಡಿ ಸತ್ತಂತೆ ಬಿದ್ದಿದ್ದ ಅವಳ ಬಲಗೈಯನ್ನು ಎತ್ತಿ ತನ್ನ ಕೈಯಲ್ಲಿಟ್ಟುಕೊಂಡು, ದಿನವೂ ಹೇಳುವಷ್ಟೇ ಮೆಲ್ಲಗೆ ಹೇಳಿದಳು: "ಅವರಿಗೆ ಹಿಂದಿ ಯಾವತ್ತೂ ಬರ್ತಿರಲಿಲ್ಲ ಅಮ್ಮ, ಈಗ ನನ್ನ ಹತ್ರ ಕಲೀತಿದ್ದಾರೆ. ಮೂವತ್ತೊಂದು ವರ್ಷ ಅವರ ಜೊತೆ ಉಜ್ಬೆಕ್ ಮಾತಾಡಿದ್ದು ನೀವು."