ಕುಂಟು ಮೀನು

ಮೀನು ಕುಂಟುತ್ತಿತ್ತು.

ಶರಬತ್ತಿನ ಮಳಿಗೆಯ ಹಿಂದೆ ಐಸ್ ಒಡೆಯುತ್ತಿದ್ದ ಕಾರ್ನಿವಲ್ ಸಮಿತಿಯ ಕಾರ್ಯದರ್ಶಿಯ ಕೈ ಅಲ್ಲೇ ನಿಂತಿತು. ಕಡಲದಂಡೆಯ ಹಾದಿಯಲ್ಲಿ, ಮಕ್ಕಳ ದಂಡಿನ ನಡುವೆ, ಸ್ಪಂಜು ತುಂಬಿದ ಆ ದೊಡ್ಡ ಕಿತ್ತಳೆ ಮೀನು ಕೊರಳಿಗೆ ದೇಣಿಗೆ ಡಬ್ಬಿ ನೇತುಹಾಕಿಕೊಂಡು, ಎಡಗಾಲು ಎಳೆಯುತ್ತ ಕುಣಿದು ಬರುತ್ತಿತ್ತು. ಊರಿನಲ್ಲಿ ಹಾಗೆ ಕುಂಟುವವರು ಒಬ್ಬರೇ, ಆಕೆಯ ಗಂಡ.

"ಆ ವೇಷ ಮುಟ್ಟಲ್ಲ ಅಂತ ಮಾತು ಕೊಟ್ಟಿದ್ರಲ್ಲ," ಎಂದು ಆಕೆ ತನ್ನಷ್ಟಕ್ಕೇ ಗೊಣಗಿದಳು.

ಗಂಡ ನಲ್ಲಿ ರಿಪೇರಿಯವನು. ಎಂದೋ ಹೋಟೆಲಿನ ನೀರಿನ ಟ್ಯಾಂಕಿನಿಂದ ಬಿದ್ದು ಕಾಲು ಕೆಡಿಸಿಕೊಂಡಿದ್ದ. ಕಾರ್ನಿವಲ್‌ಗೆ ಅವನು ಮೀನಿನ ವೇಷ ಹಾಕಿದಾಗಿನಿಂದ ಪ್ರವಾಸಿಗರ ಮಕ್ಕಳೆಲ್ಲ ಕುಂಟು ಮೀನಿನ ಅಭಿಮಾನಿಗಳು. ಒಮ್ಮೆ ಸಮಿತಿಯವರು ನೆಟ್ಟಗೆ ನಡೆಯುವ ಹುಡುಗನೊಬ್ಬನಿಗೆ ವೇಷ ತೊಡಿಸಿದರೆ, ಮಕ್ಕಳು ಇದು ಸುಳ್ಳು ಮೀನು ಎಂದು ರಂಪ ಮಾಡಿದ್ದವು. ಡಬ್ಬಿಯೂ ಹಗುರವಾಗಿಯೇ ಉಳಿದಿತ್ತು.

ಕಳೆದ ಚಳಿಗಾಲದಲ್ಲಿ ಅವನಿಗೆ ಎದೆನೋವು ಬಂತು. ಆಂಬುಲೆನ್ಸ್ ದೂರದ ಪೇಟೆಯಿಂದ ಬರಬೇಕು. ಅದು ಬರುವವರೆಗೂ ಆಕೆ ಅಡುಗೆಮನೆಯ ನೆಲದ ಮೇಲೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಈ ಸಲದ ಕಾರ್ನಿವಲ್ ಊರಿಗೊಂದು ಆಂಬುಲೆನ್ಸ್ ಕೊಳ್ಳಲಿಕ್ಕೆ. "ವೇಷ ಹಾಕಿ ಕುಣಿಯೋದಿರಲಿ, ಈ ಬಿಸಿಲಲ್ಲಿ ಅದರೊಳಗೆ ಸುಮ್ನೆ ನಿಂತರೂ ಕಷ್ಟ," ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಗಂಡ ತಲೆಯಾಡಿಸಿದ್ದ. ಬೆಳಿಗ್ಗೆ, ಕುರ್ಚಿ ಜೋಡಿಸಿ ಬರ್ತೀನಿ ಎಂದು ಹೋದವನು ಹೀಗೆ ಬಂದಿದ್ದಾನೆ! ಆಂಬುಲೆನ್ಸ್ ಬರುವ ಮೊದಲೇ ಅದರಲ್ಲಿ ಮಲಗಲು ಈತ ತಯಾರು.

ಓಡಿಹೋಗಿ ಮೀನಿನ ತಲೆ ಕಿತ್ತು ಬಿಸಾಡೋಣ ಎನಿಸಿತು. ಆದರೆ ಮಕ್ಕಳೆದುರು ಮೀನಿನ ತಲೆ ತೆಗೆಯಕೂಡದು, ಒಳಗೆ ಯಾರೆಂದು ಕೇಳಕೂಡದು, ಮೀನು ಬಾಯಿ ಬಿಡಕೂಡದು. ಹಾಳು ನಿಯಮ. ಮಾಡಿದವಳು ತಾನೇ.

ಡಾಕ್ಟರಿಗಾದರೂ ಹೇಳೋಣವೆಂದು ಪ್ರಥಮ ಚಿಕಿತ್ಸೆಯ ಡೇರೆಗೆ ಹೋದಳು. ಪರದೆ ಇಳಿಬಿಟ್ಟಿತ್ತು. ಸರಿಸಿ ಇಣುಕಿದರೆ ಮಂಚದ ಮೇಲೆ ತಲೆತುಂಬ ಮುಸುಕು ಹೊದ್ದ ನಿದ್ದೆ. ಡಾಕ್ಟರು ರಾತ್ರಿಯೆಲ್ಲ ಹೆರಿಗೆ ಕೇಸಿಗೆ ಹೋಗಿದ್ದರೆಂದು ಕೇಳಿದ್ದಳು. ಎಬ್ಬಿಸಲು ಮನಸ್ಸು ಬಾರದೆ ಹೊರಬಂದಳು.

ಮೀನು ಬಲೂನಿನವಳ ಹತ್ತಿರ ಸಿಕ್ಕಿತು. ಮಗುವೊಂದು ಅದರ ಬಾಲಕ್ಕೆ ಜೋತುಬಿದ್ದಿತ್ತು. ಕಾರ್ಯದರ್ಶಿ ನಗುಮುಖ ಮಾಡಿಕೊಂಡೇ ಹಲ್ಲು ಕಚ್ಚಿ ಪಿಸುಗುಟ್ಟಿದಳು: "ಮರ್ಯಾದೆಯಿಂದ ಮನೆಗೆ ನಡೀರಿ. ಇಲ್ದಿದ್ರೆ ನೋಡಿ."

ಮೀನು ಎರಡೂ ರೆಕ್ಕೆ ಜೋಡಿಸಿ ಕೈಮುಗಿಯಿತು. ಮದುವೆಯಾದಂದಿನಿಂದ ಒಮ್ಮೆಯೂ ತಪ್ಪಾಯ್ತು ಎನ್ನದ ಗಂಡಸು! ಅಣಕ ಬೇರೆ ಕೇಡು ಎಂದು ಆಕೆಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಪ್ರವಾಸಿ ಅಜ್ಜಿಯೊಬ್ಬರು ಬಿಸಿಲಿಗೆ ತಲೆಸುತ್ತಿ ಬಿದ್ದರು. ಎಲ್ಲರಿಗಿಂತ ಮೊದಲು ಓಡಿದ್ದು ಮೀನು. ಅಜ್ಜಿಯನ್ನು ಅಂಗಾತ ಮಲಗಿಸಿ, ಕಾಲುಗಳನ್ನು ಕುರ್ಚಿಯ ಮೇಲೆತ್ತಿಟ್ಟು, ರೆಕ್ಕೆಯ ತೂತಿನಿಂದ ಬೆರಳು ಚಾಚಿ ಮಣಿಕಟ್ಟು ಹಿಡಿದು ಕುಳಿತಿತು. ಅಜ್ಜಿ ಕಣ್ಣುಬಿಟ್ಟಾಗ ಜನ ಚಪ್ಪಾಳೆ ತಟ್ಟಿದರು. ಕಂಡವರ ಮೇಲಿನ ಕಾಳಜಿಗೇನೂ ಕೊರತೆಯಿಲ್ಲ ಎಂದುಕೊಂಡು ಆಕೆ ಮತ್ತೆ ಐಸ್ ಒಡೆದಳು. ಸೊಂಟ ಕಳಚಿ ಬೀಳುವಂತಿತ್ತು.

ಇಳಿಹೊತ್ತಿಗೆ ಮೀನು ದೀಪದ ಕಂಬಕ್ಕೆ ಹೋಗಿ ಡಿಕ್ಕಿ ಹೊಡೆಯಿತು. ಮಕ್ಕಳು ಬಿದ್ದುಬಿದ್ದು ನಕ್ಕವು. ಆಕೆ ಐಸ್ ಬಿಟ್ಟು ಮುಂದೆ ಬಂದು ನೋಡಿದಳು. ಈಗ ಅದು ಬಲಗಾಲು ಎಳೆಯುತ್ತಿತ್ತು. ಇದ್ದ ಒಂದು ಒಳ್ಳೆಯ ಕಾಲೂ ಸೋತುಹೋಯಿತೇ? ಕಣ್ಣು ಕತ್ತಲೆ ಬರುತ್ತಿದೆಯೇ?

ಮೈಕ್ ಹಿಡಿದಿದ್ದ ಅಧ್ಯಕ್ಷರ ಬಳಿಗೆ ಓಡಿದಳು. ಅವರು ಬೇಕರಿಯವರು, ಬೆಳಗಿನಿಂದ ಕೂಗಿ ಗಂಟಲು ಬಿದ್ದಿತ್ತು.

"ಮೀನನ್ನ ನಿಲ್ಲಿಸಿ ಅಣ್ಣಾ. ಪ್ರಾಣಕ್ಕೇ ಸಂಚಕಾರ."

"ಇನ್ನೊಂದೇ ಸುತ್ತು ಅಕ್ಕ. ಡಬ್ಬಿ ತುಂಬ್ತಾ ಇದೆ. ಡಾಕ್ಟ್ರು ಒಳಗೇ ಇದ್ದಾರಲ್ಲ, ನೀವ್ಯಾಕೆ ಹೆದರ್ತೀರಿ?"

ಆಕೆ ಪರದೆ ಇಳಿಬಿಟ್ಟ ಡೇರೆಯತ್ತ ನೋಡಿದಳು. ಇವರಿಗೆ ಹೇಳಿ ಪ್ರಯೋಜನವಿಲ್ಲ ಎನಿಸಿತು.

ಸಂಜೆ ಬ್ಯಾಂಡು ನಿಂತಿತು. ಪ್ರವಾಸಿಗರು ಹೋಟೆಲುಗಳಿಗೆ ಮರಳಿದರು. ಸಾಮಾನಿನ ಕೊಟ್ಟಿಗೆಯಲ್ಲಿ, ಮಡಚಿದ ಕುರ್ಚಿಗಳ ಪಕ್ಕ, ಮೀನು ಗೋಡೆಗೊರಗಿ ಏದುಸಿರು ಬಿಡುತ್ತ ಕುಸಿದಿತ್ತು. ಆಕೆ ಒಳಬಂದು ಕದ ಮುಚ್ಚಿದಳು. ಬೆಳಗಿನಿಂದ ಬೈಗುಳ ಕೂಡಿಟ್ಟುಕೊಂಡಿದ್ದವಳು. ಅದರೆದುರು ನೆಲಕ್ಕೆ ಕೂತುಬಿಟ್ಟಳು.

"ನನಗೆ ಯಾವ ಆಂಬುಲೆನ್ಸೂ ಬೇಡ," ಎಂದಳು. ಅಳು ಒತ್ತರಿಸಿ ಬಂತು. "ನೀವು ಬೇಕು. ಅಷ್ಟೇ. ಆವತ್ತು ಅಡುಗೆಮನೇಲಿ ಕೂತಿದ್ನಲ್ಲ, ಅಂಥದ್ದು ಇನ್ನೊಂದು ರಾತ್ರಿ ನನ್ನ ಕೈಲಾಗಲ್ಲ. ಸಾಕಾಗಿಹೋಗಿದೆ ನನಗೆ."

ಮೀನು ಏನೋ ಹೇಳಲು ಒದ್ದಾಡಿತು. ಕುತ್ತಿಗೆಯ ಜಿಪ್ಪು ಸಿಕ್ಕಿಹಾಕಿಕೊಂಡಿತ್ತು. ಆಕೆ ಕಣ್ಣೊರೆಸಿಕೊಂಡು ಎದ್ದು, ಜಿಪ್ಪು ಎಳೆದು, ಎರಡೂ ಕೈಯಿಂದ ತಲೆಯನ್ನು ಎತ್ತಿದಳು.

ಬೆವರಲ್ಲಿ ತೊಯ್ದ ಬೋಳುತಲೆ, ಕನ್ನಡಕವಿಲ್ಲದೆ ಕಿರಿದಾದ ಕಣ್ಣು. ಡಾಕ್ಟರು ಮುಜುಗರದಿಂದ ಕೆಮ್ಮಿದರು: "ಇದನ್ನೆಲ್ಲ ಅವರಿಗೇ ಹೇಳಮ್ಮ. ಮೀನು ಕುಂಟಿ ಕುಣೀತಾ ಇರೋವರೆಗೂ ಏಳಲ್ಲ ಅಂತ ಒಪ್ಪಿ ಬೆಳಿಗ್ಗೆಯಿಂದ ನನ್ನ ಮಂಚದ ಮೇಲೆ ಮಲಗಿದ್ದಾರೆ."