ಹೋದವರ ವಾಚು

ಹುಣಸೂರಿನಲ್ಲಿ ಬಸ್ಸಿಳಿದ ರುದ್ರಸ್ವಾಮಿ ಮೊದಲು ಹಿಂದೆ ನೋಡಿದ, ಆಮೇಲೆ ಆಚೀಚೆ ನೋಡಿದ. ತನ್ನೂರು ರಾವಂದೂರಿನ ಮುಖ ಒಂದೂ ಕಾಣಲಿಲ್ಲ. ಟವೆಲನ್ನು ತಲೆಗೆ ಸುತ್ತಿಕೊಂಡು ಕಳ್ಳಬೆಕ್ಕಿನ ಹಾಗೆ ಗಲ್ಲಿಗೆ ನುಗ್ಗಿದ.

ಐವತ್ತೆರಡರ ಗಂಡಸು ಹೀಗೆ ಕದ್ದು ಓಡಾಡಿದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ತಪ್ಪು ತಿಳಿಯಬೇಡಿ, ಅವನ ಚಟ ವಾಚು. ಹಳೆಯ, ಕೀ ಕೊಡುವ ವಾಚು. ಮನೆಯ ಅಟ್ಟದ ಮೇಲೆ ಹಳೇ ಟ್ರಂಕಿನಲ್ಲಿ ಹತ್ತೊಂಬತ್ತು ಕೂಡಿಹಾಕಿದ್ದ. ಮಂಡಿ ನೋವು ಶುರುವಾದ ಮೇಲೆ ಅಟ್ಟ ಹತ್ತುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಮಾತ್ರ. ಹೆಂಡತಿ ಟ್ರ್ಯಾಕ್ಟರಿಗೆ ಬೂದಗುಂಬಳ ಒಡೆಸುತ್ತಿರುವಾಗ ಇವನು ಮೇಲೆ ಕೂತು ಒಂದೊಂದು ವಾಚಿಗೂ ಅರಿಶಿನ ಇಟ್ಟು ಕೈಮುಗಿದು ಇಳಿಯುತ್ತಿದ್ದ.

ಇಪ್ಪತ್ತನೆಯದಕ್ಕೆ ಅಡ್ಡಿ ಎರಡು. ಒಂದು, ಹೆಂಡತಿ ಮಲ್ಲಾಜಮ್ಮ. "ಇನ್ನೊಂದು ವಾಚು ಈ ಒಸ್ಲು ದಾಟ್ಲಿ, ಇರೋವ್ನೆಲ್ಲ ಒಳ್ಕಲ್ಗಾಕಿ ಕುಟ್ಬುಡ್ತೀನಿ" ಎಂದು ಯುಗಾದಿಯ ದಿನವೇ ಆಣೆ ಇಟ್ಟಿದ್ದಳು. ಆಡಿದ್ದನ್ನು ಮಾಡಿಯೇ ತೀರುವ ಹೆಂಗಸು. ಇನ್ನೊಂದು, ಜೇಬು. ಬೀಡಿ, ಹೋಟೆಲ್ ತಿಂಡಿ ಎಲ್ಲ ಬಿಟ್ಟು ಮೂರು ತಿಂಗಳಲ್ಲಿ ಉಳಿಸಿದ್ದು ಎರಡೂವರೆ ಸಾವಿರ. ಅಷ್ಟರಲ್ಲಿ ಒಂದು ಬರಬೇಕು, ಬಂದದ್ದು ಅಪ್ಪಟವಾಗಿರಬೇಕು.

ಪುಣ್ಯಕ್ಕೆ ಈಚೆಗೆ ಮಲ್ಲಾಜಮ್ಮ ಯಾಕೋ ತಣ್ಣಗಿದ್ದಳು. ತಂಗಿ ಕೊಡಿಸಿದಳೆಂದು ಮನೆಗೆ ಹೊಸ ಮಿಕ್ಸಿ ಬಂದಿತ್ತು, ಅದರ ಹಿಂದೆಯೇ ಕುಕ್ಕರು. ಇವತ್ತು ಬೆಳಿಗ್ಗೆ ಟ್ರ್ಯಾಕ್ಟರಿನ ಬೆಲ್ಟು ತರಲು ಪಿರಿಯಾಪಟ್ಟಣಕ್ಕೆ ಹೋಗಿಬರ್ತೀನಿ ಅಂದರೆ, "ಅವಸ್ರ ಏನಿಲ್ಲ, ನಿಧಾನ್ವಾಗಿ ಬನ್ನಿ" ಅಂದಳು. ಹೆಂಡತಿಯ ಕಣ್ಣಿಗೆ ಮಣ್ಣೆರಚುವುದು ಇಷ್ಟು ಸಲೀಸು ಎಂದು ಮೊದಲೇ ಗೊತ್ತಿದ್ದರೆ ಇಷ್ಟೊತ್ತಿಗೆ ಐವತ್ತು ವಾಚು ಮಾಡಿರುತ್ತಿದ್ದ.

ವಾಚು ರಿಪೇರಿಯ ಚಿಕ್ಕಬೀರಯ್ಯ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು, ಬಟ್ಟೆಯ ಮೇಲೆ ಮೂರು ವಾಚು ಇಟ್ಟ. ರುದ್ರಸ್ವಾಮಿ ಈ ಅಂಗಡಿಗೆ ಬಂದದ್ದು ಇದೇ ಮೊದಲು.

ಚಿನ್ನದ ಬಣ್ಣದ್ದು ಐದು ಸಾವಿರ. ಅದನ್ನು ಮುಟ್ಟಲೂ ಇಲ್ಲ, ಮುಟ್ಟಿದರೆ ಬಿಡಲಾಗುವುದಿಲ್ಲ. ಎರಡನೆಯದಕ್ಕೆ ವಾರ, ತಾರೀಕು ಎಲ್ಲ ಇತ್ತು, ಆದರೆ ಕೀ ಸಡಿಲ. ಅಗ್ಗಕ್ಕೆ ತಂದು ರಿಪೇರಿಗೆ ಸುರಿಯಬೇಕು. ಮೂರನೆಯದು ನೀಲಿ ಮುಖದ್ದು, ತೆಳ್ಳಗೆ, ಲಕ್ಷಣವಾಗಿತ್ತು. ಕಿವಿಗೆ ಹಿಡಿದ. ಆಹಾ! ಒಂದು ಏಟೂ ತಪ್ಪದ ಬಡಿತ.

"ಇಂಥದೇ ಬಿಳೀದು ನಮ್ಮನೇಲದೆ. ಇದೂ ಸೇರುದ್ರೆ ಜೋಡಿ ಆಯ್ತದೆ. ಎಷ್ಟು?"

"ಎರಡು ಸಾವ್ರ ಕೊಡಿ ಸ್ವಾಮಿ. ಮಿಷನ್ ಹಳೇದು, ಬಂಗಾರದಂಥದ್ದು. ಮೇಲಿನ ಬಣ್ಣ, ಅಲಂಕಾರ ಮಾತ್ರ ನಂದು."

ರುದ್ರಸ್ವಾಮಿ ವಾಚನ್ನು ತಿರುವಿದ. ಬೆನ್ನಿನ ಸಂದಿನಲ್ಲಿ ಅರಿಶಿನದ ಕರೆ ಕಂಡಿತು. "ಅಬ್ಬಾ! ವಾಚಿಗೂ ಪೂಜೆ ಮಾಡವ್ನೆ ಪುಣ್ಯಾತ್ಮ. ಯಾರ್ದು ಇದು?"

ಚಿಕ್ಕಬೀರಯ್ಯ ದನಿ ತಗ್ಗಿಸಿದ. "ಒಬ್ಬಮ್ಮ ತಂದ್ಕೊಡ್ತಾರೆ ಸ್ವಾಮಿ. ಇದು ಏಳನೇದು. ಮೊದಲ್ನೇ ದಿನ, 'ನಮ್ಮನೇವ್ರು ಹೋದ್ರು ಕಣಣ್ಣಾ, ಅದ್ಕೇ ತಂದೆ' ಅಂದ್ರು. ನಂಗೆ ಮುಂದಕ್ಕೆ ಬಾಯೇ ಬರ್ನಿಲ್ಲ. ಊರು ಯಾವ್ದು ಅಂತ್ಲೂ ಕೇಳ್ನಿಲ್ಲ."

"ಛೆ ಛೆ ಛೆ!" ರುದ್ರಸ್ವಾಮಿಗೆ ನಿಜವಾಗಿಯೂ ಕರುಳು ಚುರುಕ್ ಎಂದಿತು. ಎಂಥ ಅಭಿರುಚಿಯ ಮನುಷ್ಯ, ಹೊರಟೇಹೋದನಲ್ಲ! ಇದ್ದಿದ್ದರೆ ಒಂದು ದಿನ ಎದುರುಬದುರು ಕೂತು ಮಾತಾಡಬಹುದಿತ್ತು.

"ಆಯಮ್ಮನ ಹಣೇಲಿ ಕುಂಕುಮ ಹಂಗೇ ಅದೆ," ಎಂದ ಚಿಕ್ಕಬೀರಯ್ಯ. "ತಲೇಲಿ ಹೂವೂ ಇತ್ತು."

"ಇಕ್ಕೋಬೇಕು ಕಣ್ರೀ! ಗಂಡ ಹೋದ ಅಂತ ಯಾಕ್ ತಗೀಬೇಕು? ಕಾಲ ಬದ್ಲಾಗದೆ. ಆಯಮ್ಮ ಸುಖವಾಗಿರ್ಲಿ. ಗಂಡನ ಬೆಲೆ ಏನು ಅಂತ ಈಗ ತಿಳ್ದಿರ್ತದೆ, ಪಾಪ."

"ತಿಳ್ಯದೇನು ಸ್ವಾಮಿ, ಒಂದೊಂದಕ್ಕೂ ಕೊಸರಾಡ್ತಾರೆ."

ಚೌಕಾಸಿ ಮಾಡದೆ ರುದ್ರಸ್ವಾಮಿ ಜನ್ಮದಲ್ಲಿ ಒಂದು ವಾಚೂ ಕೊಂಡವನಲ್ಲ. ಇವತ್ತು ಆ ಬುದ್ಧಿ ಎಲ್ಲಿ ಹೋಯಿತೋ! ಬಸ್ಸಿನ ಚಾರ್ಜು ಬೇರೆ ಜೇಬಿನಲ್ಲಿದೆಯೆಂದು ಮುಟ್ಟಿ ನೋಡಿಕೊಂಡು, ಎರಡೂವರೆ ಸಾವಿರವನ್ನೂ ಮೇಜಿನ ಮೇಲಿಟ್ಟ.

"ಮೇಲಿನ ಐನೂರು ಆಯಮ್ಮಂಗೆ ಮುಟ್ಟುಸ್ಬುಡಿ. ಹೋದೋರ ವಾಚ್ನ ಅದರ ಬೆಲೆ ಗೊತ್ತಿರೋನೇ ತಕ್ಕೊಂಡೋದ, ಜೋಪಾನ ಮಾಡ್ತಾನೆ ಅಂತ್ಲೂ ಹೇಳಿ."

ಚಿಕ್ಕಬೀರಯ್ಯನ ಕಣ್ಣು ಒದ್ದೆಯಾದವು. "ನೀವು ದೊಡ್ಡೋರು ಸ್ವಾಮಿ. ಆ ಮಾತ್ನ ನೀವೇ ಹೇಳಿ, ತಡೀರಿ." ಫೋನು ಒತ್ತಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. "ಅಮ್ಮಾ, ಹುಣಸೂರು ವಾಚಂಗಡಿ ಕಣಮ್ಮ. ನಿಮ್ಮೆಜಮಾನ್ರ ವಾಚು ಎರಡೂವರೆ ಸಾವ್ರಕ್ಕೆ ಹೋಯ್ತು. ತಕ್ಕೊಂಡೋರು ಇಲ್ಲೇ ಅವ್ರೆ, ನಿಮ್ಗೊಂದು ಸಮಾಧಾನದ ಮಾತು ಹೇಳ್ತಾರಂತೆ."

ರುದ್ರಸ್ವಾಮಿ ತಲೆಯ ಟವೆಲು ತೆಗೆದು, ಗಂಟಲು ಸರಿಮಾಡಿಕೊಂಡು ಫೋನಿನತ್ತ ಬಗ್ಗಿದ.

"ಮಾತು ಆಮೇಲಾಡನ ಕಣಣ್ಣಾ," ಎಂದಳು ಮಲ್ಲಾಜಮ್ಮ ಆ ಕಡೆಯಿಂದ, "ನಮ್ಮನೇವ್ರು ಇವತ್ತೂ ಹೋದ್ರು, ಸಂಜೆಗೆಲ್ಲ ಬಂದ್ಬುಡ್ತಾರೆ, ಅಷ್ಟ್ರೊಳ್ಗೆ ಅಟ್ಟದಿಂದ ಇನ್ನೆರಡು ಇಳ್ಸ್ಕೊಂಡು ಬತ್ತೀನಿ!"