ಶಾಸಕರ ವಾರಾನ್ನ

ಗುರುವಾರ ಮಧ್ಯಾಹ್ನ ಶಾಸಕ ಸೋಮಲಿಂಗಪ್ಪನವರು ಕುಂಬಾರ ಓಣಿಯ ನೀಲವ್ವನ ಮನೆಯ ಬಾಗಿಲಲ್ಲಿ ಕಾಲು ತೊಳೆದುಕೊಂಡು, ಮೊದಲು ತಾಟಿನ ಕಡೆ ನೋಡಿದರು. ಉಣಬಡಿಸುವ ಮತದಾರರು ಅದನ್ನು ಬೋರಲು ಹಾಕಿದ್ದರೆ ಶಾಸಕಗಿರಿ ಹೋದಂತೆಯೇ. ಸದ್ಯ, ಹಾಕಿರಲಿಲ್ಲ.

ಇಲ್ಲಿಯ ಕಾನೂನಿನಂತೆ ಚುನಾವಣೆ ಗೆದ್ದವರ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ದಿನಕ್ಕೊಂದು ಮತದಾರರ ಮನೆಯಲ್ಲಿ ವಾರಾನ್ನ ಉಣ್ಣಬೇಕು, ಅದೂ ತೊಂದರೆ ಇರುವ ಓಣಿಯಲ್ಲೇ, ಆ ತೊಂದರೆ ನೀಗುವ ತನಕ. ಈ ಓಣಿಯದು ಸವಳು ನೀರು, ಅದರಲ್ಲಿ ಬೇಳೆ ಬೇಯುವುದಿಲ್ಲ. ಹೊಳೆಯ ನೀರು ಬಂದಿದೆ ಎಂದು ಅಧಿಕಾರಿಗಳು ಎಷ್ಟೋ ಸಲ ಹೇಳಿದ್ದರು. ಸಾಹೇಬರು ಮಾತ್ರ ಗುರುವಾರದ ಅರೆಬೆಂದ ಬೇಳೆಯನ್ನಷ್ಟೇ ನಂಬುತ್ತಿದ್ದರು.

"ಕುಂದರ್ರಿ ಸಾಹೇಬ್ರ," ಎಂದು ನೀಲವ್ವ ರೊಟ್ಟಿಯ ಪಕ್ಕ ಬೇಳೆ ಬಡಿಸಿದಳು.

ಅವರು ರೂಢಿಯಂತೆ ಹಲ್ಲು ಗಟ್ಟಿ ಮಾಡಿಕೊಂಡು ತುತ್ತು ಇಟ್ಟರು. ಬೇಳೆ ಬೆಣ್ಣೆಯಂತೆ ಕರಗಿತು.

"ನೀಲವ್ವಾ! ಹೊಳಿ ನೀರು ಬಂತೇನವಾ?"

"ಮುಂಜಾನೆ ಬಂತ್ರಿ! ಓಣಿ ತುಂಬ ಬರೇ ಬ್ಯಾಳಿ ಘಮಘಮಾ ಅನ್ನಾಕತ್ತೈತಿ."

ಸಾಹೇಬರು ಮತ್ತೆ ಮತ್ತೆ ಹಾಕಿಸಿಕೊಂಡರು. "ಮುಂದಿನ ಗುರುವಾರ ಹೋಳಿಗಿ ಮಾಡ್ತೀಯೇನವಾ?"

"ನಮ್ಮನಿ ವಾರ ಇವತ್ತಿಗೆ ಮುಗೀತಲ್ರಿ. ಇನ್ನ ನೀವು ಗಾಡಿಖಾನಿ ಓಣಿಗೆ. ಅಲ್ಲಿ ಗಟಾರ ತುಂಬಿ ಹರಿಯಾಕತ್ತೈತಿ, ಮೂಗು ಹಿಡ್ಕೊಂಡು ಉಣ್ಣಬೇಕು."

ರುಚಿ ಹತ್ತಿದ ದಿನವೇ ಋಣ ಹರಿಯಿತಲ್ಲ ಎಂದು ಸಾಹೇಬರ ಮುಖ ಸಪ್ಪಗಾಯಿತು. ನೀಲವ್ವನಿಗೆ ನಗು ಬಂತು.

"ಮಗಳ ಮದುವಿಗೆ ಬರ್ರಿ. ಬೀಗರ ಪಂಕ್ತ್ಯಾಗ ಕುಂದರಿಸಿ, ತುಪ್ಪ ಸುರಿದು ಹೋಳಿಗಿ ಹಾಕ್ತೀನಿ."

"ಯಾವಾಗ ಮದುವಿ?"

"ಗಟಾರ ಸ್ವಚ್ಛ ಆದ ಮ್ಯಾಲ್ರಿ. ಬೀಗರ ಮನಿ ಅದ ಓಣ್ಯಾಗೈತಿ."

ಸಾಹೇಬರು ಎಂಜಲು ಕೈಯಲ್ಲೇ ಪುರಸಭೆಗೆ ಫೋನು ಹಚ್ಚಿದರು.